ನಾಲ್ಕನೇ ಗುಂಡಿಯ ಚೀಟಿ

"ದಾರ! ದಾರ! ಅಯ್ಯೋ, ದಾರ ನೋಡ್ಕೊಂಡು ಬನ್ರೀ!"

ಕೂಗು ಕಿವಿಗೆ ಬೀಳುವಷ್ಟರಲ್ಲಿ ಅವಳೇ ಬಿದ್ದಾಗಿತ್ತು!

ಗುಂಡಿಯ ಸುತ್ತ ಗೂಟ ಹೊಡೆದು, ಅಳೆದು ಅಳೆದು ಕಟ್ಟಿದ್ದ ದಾರ ಅವಳ ಕಾಲಿಗೆ ತೊಡರಿತ್ತು. ಮೂರು ಗೂಟ ಬುಡಸಮೇತ ಕಿತ್ತು ಬಂದಿದ್ದವು. ಅಂಗೈ ತುಂಬ ಕೆಂಪು ಮಣ್ಣು, ಮಂಡಿ ತರಚಿ ಉರಿ.

ಅವನು ಓಡಿ ಬಂದ. ಕೈ ಹಿಡಿದು ಎಬ್ಬಿಸಿದ ಅಂದುಕೊಂಡಿರಾ? ಎಲ್ಲಿಯ ಮಾತು! ಮೊದಲು ಗೂಟಗಳ ಹತ್ತಿರ ಮಂಡಿಯೂರಿ ಕೂತ.

"ಎರಡು ಗಂಟೆ ಕೆಲ್ಸ ರೀ ಇದು!"

"ನನ್ನ ಮಂಡಿ ರೀ ಇದು!"

ಅವನು ಆಗ ತಲೆಯೆತ್ತಿ ನೋಡಿದ. ಬಿಸಿಲಿಗೆ ಕಂದಿದ ಮುಖ, ಕಿವಿಯ ಮೇಲೆ ಪೆನ್ಸಿಲ್, ಸೊಂಟದಲ್ಲಿ ಅಳತೆಯ ಟೇಪು. ಕಣ್ಣು ಮಾತ್ರ... ಛೇ, ಇಷ್ಟು ಕೋಪಿಷ್ಠನಿಗೆ ದೇವರು ಇಷ್ಟು ಚಂದದ ಕಣ್ಣು ಯಾಕಾದರೂ ಕೊಟ್ಟನೋ ಎಂದು ಅವಳಿಗೆ ಅನ್ನಿಸಿತು.

"ಅಳತೆ ಇಲ್ಲದ ಮೇಲೆ ಸಿಕ್ಕಿದ ವಸ್ತುವಿಗೆ ಏನು ಬೆಲೆ, ಹೇಳಿ?" ಎಂದ.

ಅವಳು ಹಾಗೇ ಕೂತುಬಿಟ್ಟಳು. ಈ ವಾಕ್ಯ! ಅಕ್ಷರಕ್ಕೆ ಅಕ್ಷರ ಇದೇ ವಾಕ್ಯವನ್ನು ಅವಳು ಎರಡು ವರ್ಷದಿಂದ ಕಂಪ್ಯೂಟರಿನಲ್ಲಿ ಓದಿ ಓದಿ ಹಲ್ಲು ಕಡಿದಿದ್ದಳು.

"ನೀವು... ಟೇಪು ಅಲ್ವಾ?"

ಅವನ ಹುಬ್ಬು ಮೇಲೇರಿತು. ಅವಳ ಉಗುರಿನ ಸಂದಿಯಲ್ಲಿ ಒಣಗಿದ್ದ ಅಂಟನ್ನು ನೋಡಿದ. ಮರುಕ್ಷಣ ಗುಂಡಿಯೇ ನಡುಗುವ ಹಾಗೆ ನಕ್ಕ.

"ಮೂರು ಹಿಡಿ ಮಡಕೆ! ನೀವು ಬೋಕಿ!"

ಹುಡುಕುವ ಬಳ್ಳಿ ಕಾಲಿಗೆ ತೊಡರಿತು ಅಂತಾರಲ್ಲ, ಇದು ಹಾಗೇ. ಬಳ್ಳಿಯ ಬದಲು ದಾರ, ಅಷ್ಟೇ ವ್ಯತ್ಯಾಸ.

ಇವರಿಬ್ಬರೂ 'ಅಗೆತದ ಕಟ್ಟೆ'ಯವರು. ಹಳೆಯ ಕಾಲದ ಮಣ್ಣು, ಮಡಕೆ, ಮೂಳೆ, ಗೋಡೆ ಅಂದರೆ ಜೀವ ಬಿಡುವವರೆಲ್ಲ ಸೇರಿ ಹರಟುವ ಅಂತರ್ಜಾಲದ ಕಟ್ಟೆ ಅದು. ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯಾಕೆ ಅದನ್ನು ಶುರುಮಾಡಿದ್ದರು. ಎಲ್ಲರಿಗೂ ಅವರು ದೊಡ್ಡಮ್ಮ. ಅಲ್ಲಿ ಅಸಲಿ ಹೆಸರಿಲ್ಲ, ಮನೆ ವಿಷಯ ಯಾರೂ ಕೇಳುವ ಹಾಗಿಲ್ಲ, ಬರೆದದ್ದನ್ನು ಅಳಿಸುವ ಹಾಗಿಲ್ಲ. ತಪ್ಪು ಬರೆದರೆ ಅಡ್ಡಗೆರೆ ಎಳೆದು ಬಿಡಬೇಕು. "ಮಣ್ಣು ಏನನ್ನಾದ್ರೂ ಅಳಿಸುತ್ತಾ? ನಾವ್ಯಾಕೆ ಅಳಿಸ್ಬೇಕು?" ಎನ್ನುವುದು ದೊಡ್ಡಮ್ಮನ ವಾದ.

ಬೋಕಿ, ಅಂದರೆ ಮಡಕೆ ಚೂರು, ಎಂದು ಹೆಸರಿಟ್ಟುಕೊಂಡ ನಮ್ಮ ಹುಡುಗಿ ಅಲ್ಲಿಗೆ ಬಂದದ್ದೇ ಒಂದು ಅವಮಾನದ ಕಥೆ. ಮ್ಯೂಸಿಯಮ್ಮಿನಲ್ಲಿ ಒಡೆದ ಮಡಕೆ ಜೋಡಿಸುವ ಕೆಲಸಕ್ಕೆ ಸೇರಿ ಮೂರೇ ವಾರ. ಒಂದು ಪೆಟ್ಟಿಗೆಯ ಚೂರುಗಳನ್ನೆಲ್ಲ ಅಂಟಿಸಿದರೆ, ಅಬ್ಬಾ, ಮೂರು ಹಿಡಿಯ ಮಡಕೆ! ಇಂಥದ್ದು ಪ್ರಪಂಚದಲ್ಲೇ ಇಲ್ಲ ಎಂದು ಉಬ್ಬಿಹೋದಳು. 'ಮೂರು ಹಿಡಿಯ ಮಡಕೆ' ಎಂದು ಹುಡುಕುತ್ತಾ ಹೋದಾಗ ಕಟ್ಟೆ ಸಿಕ್ಕಿತು. ಫೋಟೋ ಹಾಕಿದಳು. ಹತ್ತೇ ನಿಮಿಷದಲ್ಲಿ 'ಟೇಪು' ಎಂಬಾತನ ಉತ್ತರ ಬಂತು.

"ಅಳತೆ ಎಲ್ಲಿ? ವಸ್ತುವಿನ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಬೇಕು. ಅಂದಹಾಗೆ ಇದು ಒಂದು ಮಡಕೆ ಅಲ್ಲ. ಎರಡು."

ನೋಡಿದರೆ ನಿಜ! ಎರಡು ಮಡಕೆಯ ಚೂರು ಬೆರೆಸಿ ಒಂದು ಮಾಡಿದ್ದಳು. ಅವತ್ತು ನಾಚಿಕೆಗೆ ಅವಳಿಗೆ ಊಟವೇ ಸೇರಲಿಲ್ಲ. 'ಅಳಿಸೋಣ ಅಂದ್ರೆ ಅಳಿಸೋಕೂ ಬಿಡಲ್ವಲ್ಲ ಇವರು!' ಆ ಸಿಟ್ಟಿಗೇ ಕಟ್ಟೆಯಲ್ಲಿ ಬೇರುಬಿಟ್ಟಳು. ಟೇಪು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಅವಳ ಬೆಳಗಿನ ಕಾಫಿಯಾಯಿತು.

ಈಗ ಎದುರಿಗೇ ಸಿಕ್ಕಿದ್ದಾನೆ!

ಕಟ್ಟೆಯವರು ವರ್ಷಕ್ಕೊಮ್ಮೆ ಸೇರಿ ಹತ್ತು ದಿನ ಅಗೆಯುತ್ತಾರೆ. ದೊಡ್ಡಮ್ಮ ಬೇಕೆಂದೇ ಇಬ್ಬರನ್ನೂ ನಾಲ್ಕನೇ ಗುಂಡಿಗೆ ಹಾಕಿದ್ದರು. ಹತ್ತು ದಿನವೂ ಜಗಳ. ಬ್ರಷ್ ಹಿಡಿಯುವ ರೀತಿಗೆ ಜಗಳ, ಮಣ್ಣಿನ ಬಣ್ಣಕ್ಕೆ ಜಗಳ, ಚಹಾ ತಣ್ಣಗಾದದ್ದಕ್ಕೂ ಜಗಳ. ನಿಯಮದ ಪುಸ್ತಕವನ್ನೇ ಅರೆದು ಕುಡಿದವನ ಹಾಗೆ ಅವನು ದಿನಾ ಪರೀಕ್ಷೆ ಮಾಡುತ್ತಿದ್ದ. "ಚೂರು ಸಿಕ್ತು, ಮೊದಲು ಏನು ಮಾಡ್ತೀರಿ?" "ಮುಟ್ಟಲ್ಲ, ಫೋಟೋ ತೆಗೀತೀನಿ ಸಾರ್!" ಎಂದು ಅವಳು ಅಣಕಿಸುತ್ತಿದ್ದಳು.

ನಾಲ್ಕನೇ ದಿನ ಅವಳ ಮಂಡಿಗೆ ಪಟ್ಟಿ ಬದಲಾಯಿಸಿಕೊಟ್ಟವನು ಅವನೇ. ಏಳನೇ ದಿನ ಒಂದು ನೀಲಿ ಮಣಿ ಸಿಕ್ಕಾಗ, ಎರಡು ಸಾವಿರ ವರ್ಷದ ಹಿಂದೆ ಇದನ್ನು ಕಳೆದುಕೊಂಡವಳು ಎಷ್ಟು ಹುಡುಕಿದಳೋ ಪಾಪ ಎಂದು ಅವಳು ಅಂದದ್ದಕ್ಕೆ ಅವನು ನಗಲಿಲ್ಲ. ಸುಮ್ಮನೆ ಅವಳನ್ನೇ ನೋಡಿದ. ಅವತ್ತಿನಿಂದ ಬೋಕಿಗೆ ನಿದ್ದೆ ಸರಿಯಾಗಿ ಬಂದಿಲ್ಲ!

ಕೊನೆಯ ದಿನ ಒಂದು ಪದ್ಧತಿಯಿದೆ. ಗುಂಡಿ ಮುಚ್ಚುವ ಮೊದಲು ತಳದಲ್ಲಿ ಆ ವರ್ಷದ ಒಂದು ನಾಣ್ಯ ಇಡುತ್ತಾರೆ. ಮುಂದೆ ಯಾರಾದರೂ ಅಗೆದರೆ, ಇಲ್ಲಿಯವರೆಗೆ ಒಮ್ಮೆ ಅಗೆದಾಗಿದೆ ಎಂದು ತಿಳಿಯಬೇಕು. ಕಟ್ಟೆಯವರು ಅದರ ಜೊತೆಗೆ ಒಂದು ಗಾಜಿನ ಜಾಡಿಯನ್ನೂ ಇಡುತ್ತಾರೆ. ಅಗೆದ ಪ್ರತಿಯೊಬ್ಬರೂ ಒಂದು ಚೀಟಿ ಬರೆದು ಅದಕ್ಕೆ ಹಾಕಬೇಕು. ಗುಂಡಿ ಮತ್ತೆ ತೆರೆಯುವವರೆಗೆ ಒಬ್ಬರ ಚೀಟಿ ಇನ್ನೊಬ್ಬರು ಓದುವ ಹಾಗಿಲ್ಲ.

ಜಾಡಿಯ ಜವಾಬ್ದಾರಿ ಬೋಕಿಯದು. ಎಲ್ಲರದೂ ಹಾಕಿಯಾದ ಮೇಲೆ ಟೇಪು ಬಂದ. ಒಂದೇ ಸಲ ಮಡಿಚಿದ ಚೀಟಿ ಕೈಗಿಟ್ಟ.

"ಒಂದ್ಸಲ ನೋಡಿ... ಆಮೇಲೆ ಬೇಕಿದ್ರೆ ಹಾಕಿ," ಎಂದವನೇ ತಿರುಗಿಯೂ ನೋಡದೆ ಲಾರಿಯ ಕಡೆ ಹೋಗಿಬಿಟ್ಟ.

'ಆಹಾ! ಕೊನೇ ದಿನವೂ ಪರೀಕ್ಷೆ! ನಿಯಮ ಮರೀತೀನೋ ಇಲ್ವೋ ಅಂತ ನೋಡ್ತಿದಾನೆ!' ಎಂದುಕೊಂಡಳು ನಮ್ಮ ಜಾಣೆ. ಕಣ್ಣು ಗಟ್ಟಿಯಾಗಿ ಮುಚ್ಚಿ ಚೀಟಿಯನ್ನು ಜಾಡಿಗೆ ಹಾಕಿ ಮುಚ್ಚಳ ಬಿಗಿದಳು. ಲಾರಿಯ ಹತ್ತಿರ ಓಡಿಹೋಗಿ, ಮೂಗು ಮೇಲೆತ್ತಿ ಹೇಳಿದಳು.

"ಹಾಕಿಬಿಟ್ಟೆ!"

ಅವನ ಮುಖ ಸಣ್ಣಗಾಯಿತು. "ಸರಿ," ಎಂದ. ಲಾರಿ ಹತ್ತಿದ.

ಹೋಗುವವರೆಗೂ ಅವನು ಏನಾದರೂ ಹೇಳುತ್ತಾನೆ ಎಂದು ಅವಳು ಕಾದಳು. ಹೇಳಲಿಲ್ಲ. ಒಂದು ತಿಂಗಳಾದ ಮೇಲೆ ಕಟ್ಟೆಯಲ್ಲಿ ಅವನು ಒಂದು ಚೂರಿನ ಫೋಟೋ ಹಾಕಿದ. ಅಳತೆಪಟ್ಟಿ ಇರಲಿಲ್ಲ. ಅದರ ಬದಲು ಪಕ್ಕದಲ್ಲಿ ಒಂದು ಹೆಣ್ಣಿನ ಕೈ. ಬೆರಳಲ್ಲಿ ಹೊಸ ಉಂಗುರ ಫಳಫಳ!

ಬೋಕಿ ಆ ಫೋಟೋವನ್ನು ಎಷ್ಟು ಹೊತ್ತು ನೋಡಿದಳೋ. 'ಓಹ್... ಹಾಗಾ. ಮದ್ವೆ ಆಯ್ತಾ. ಒಳ್ಳೇದಾಯ್ತು ಬಿಡಿ.' ಕಣ್ಣಲ್ಲಿ ನೀರು ಬಂತು. ಅಂಟಿನ ವಾಸನೆಗೆ ಎಂದು ಪಕ್ಕದ ಮೇಜಿನವರಿಗೆ ಹೇಳಿದಳು.

ಮನೆ ವಿಷಯ ಕೇಳುವ ಹಾಗಿಲ್ಲವಲ್ಲ! ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಆಮೇಲೆ ಅವನು ಅಗೆತಕ್ಕೂ ಬರಲಿಲ್ಲ. ಕಟ್ಟೆಯಲ್ಲಿ ಮಾತ್ರ ಜಗಳ ನಡೆದೇ ಇತ್ತು. ಆದರೆ ಎಷ್ಟು ಮರ್ಯಾದೆಯ ಜಗಳ! "ತಮ್ಮ ಅಭಿಪ್ರಾಯಕ್ಕೆ ವಂದನೆಗಳು." "ತಾವು ಹೇಳಿದ್ದೂ ಸರಿಯಿರಬಹುದು." ಓದಿದವರಿಗೇ ಚಳಿಯಾಗಬೇಕು.

ಆರು ವರ್ಷ ಹೀಗೇ ಹೋಯಿತು. "ಆ ಮಡಕೆಗಳೇ ನಿನ್ನ ಕಟ್ಕೊಂಡು ಬಾಳಿಸ್ತಾವಾ ಹೇಗೆ?" ಎಂದು ಅಮ್ಮ ಕೇಳಿದಾಗಲೆಲ್ಲ ಬೋಕಿ, "ಒಡೆದ್ರೂ ಅಂಟಿಸ್ಕೋಬಹುದಲ್ಲಮ್ಮ, ಮಡಕೇನೇ ವಾಸಿ," ಎಂದು ನಕ್ಕು ತಪ್ಪಿಸಿಕೊಳ್ಳುತ್ತಿದ್ದಳು. ನಕ್ಕ ಮೇಲೆ ಒಬ್ಬಳೇ ಕೂತು ಟೇಪುವಿನ ಹಳೆಯ ಸಾಲುಗಳನ್ನು ಓದುತ್ತಿದ್ದಳು.

ಈ ವರ್ಷ ಕಟ್ಟೆಗೆ ಇಪ್ಪತ್ತು ತುಂಬಿತು. ನಾಲ್ಕನೇ ಗುಂಡಿಯನ್ನೇ ಮತ್ತೆ ತೆರೆದು ಅಗಲ ಮಾಡುವುದೆಂದು ತೀರ್ಮಾನವಾಯಿತು. ದೊಡ್ಡಮ್ಮ ಎಲ್ಲರಿಗೂ ಒಂದು ಕೆಲಸ ಕೊಟ್ಟರು: "ಕಟ್ಟೆಗೆ ಹೇಗೆ ಬಂದಿರಿ, ಏನು ನೆನಪಿದೆ, ಬರೆಯಿರಿ. ನಾವು ಸತ್ತ ಮೇಲೆ ನಮ್ಮನ್ನೂ ಯಾರಾದರೂ ಅಗೆಯಬೇಕಲ್ಲ!"

ನೆನಪುಗಳ ಸುರಿಮಳೆಯೇ ಸುರಿಯಿತು. 'ಹಲ್ಲು ಡಾಕ್ಟ್ರು' ಎಂಬ ಹೆಸರಿನವರು ಬರೆದರು. ಅವರು ನಿಜವಾಗಿಯೂ ದಂತವೈದ್ಯರೇ. ಹಿತ್ತಲಲ್ಲಿ ಸಿಕ್ಕಿದ ಕೋರೆಹಲ್ಲು ಹುಲಿಯದು ಎಂದು ಕಟ್ಟೆಗೆ ಹಾಕಿದ್ದರಂತೆ. ಪಕ್ಕದ ಮನೆ ನಾಯಿಯದು ಎಂದು ಸಾಬೀತಾಗಲು ಅರ್ಧ ಗಂಟೆ ಸಾಕಾಯಿತಂತೆ. "ಹಲ್ಲು ಕೀಳೋನಿಗೇ ಹಲ್ಲು ಗೊತ್ತಾಗ್ಲಿಲ್ಲ ಅಂತ ಹನ್ನೆರಡು ವರ್ಷದಿಂದ ಆಡ್ಕೋತಿದೀರಲ್ಲ, ಅದೇ ನನ್ನ ನೆನಪು!"

ಅಗೆತದ ಜಾಗಕ್ಕೆ ಹೋಗುವ ಬಸ್ಸಿನಲ್ಲಿ ಕೂತು ಬೋಕಿ ಇದನ್ನೆಲ್ಲ ಓದಿ ಒಬ್ಬಳೇ ನಗುತ್ತಿದ್ದಳು. ಅಷ್ಟರಲ್ಲಿ ಟೇಪುವಿನ ಬರಹ ಬಂತು. ಅವಳ ಬೆರಳು ನಿಂತಿತು.

"ರಸ್ತೆಗೆ ಜಾಗ ಅಳೆಯುವಾಗ ಒಂದು ದಿಬ್ಬ ಲೆಕ್ಕಕ್ಕೆ ಸಿಗಲಿಲ್ಲ. ಅದನ್ನು ಹುಡುಕುತ್ತಾ ಕಟ್ಟೆಗೆ ಬಂದೆ. ದಿಬ್ಬ ಅರ್ಥವಾಯಿತು. ಯಾಕೆ ಉಳಿದೆ ಎಂದು ಕೇಳಬೇಡಿ. ಸೋಮವಾರ ಹಡಗಿನ ಕೆಲಸಕ್ಕೆ ಹೊರಡುತ್ತಿದ್ದೇನೆ, ಸಮುದ್ರದ ತಳ ಅಳೆಯಲು. ಎರಡು ವರ್ಷ. ಅಲ್ಲಿಂದ ಕಟ್ಟೆಗೆ ಬರಲಾಗುವುದಿಲ್ಲ. ಒಂದೇ ಕೋರಿಕೆ. ನಾಲ್ಕನೇ ಗುಂಡಿಯ ಜಾಡಿ ತೆರೆಯುವುದು ಬೇಡ."

ಎರಡು ವರ್ಷ! ಜಗಳವೂ ಇರುವುದಿಲ್ಲವಾ?

ಕೊನೆಯ ಸಾಲನ್ನು ಮತ್ತೆ ಓದಿದಳು. ಜಾಡಿ ತೆರೆಯಬೇಡಿ ಎಂದು... ಟೇಪು ಹೇಳುವುದಾ? ನಿಯಮವೇ ಉಸಿರು ಎನ್ನುವ ಮನುಷ್ಯ! 'ಅದರಲ್ಲಿ ಅಂಥಾದ್ದೇನಿದೆ?'

ಕೆಳಗೆ ದೊಡ್ಡಮ್ಮ ಒಂದು ಫೋಟೋ ಹಾಕಿದ್ದರು. ಗುಂಡಿಯ ತಳ, ಮಣ್ಣಿನಿಂದ ಇಣುಕುವ ಜಾಡಿಯ ಮುಚ್ಚಳ, ಪಕ್ಕದಲ್ಲಿ ಅಳತೆಪಟ್ಟಿ. "ಕೋರಿಕೆ ತಿರಸ್ಕರಿಸಲಾಗಿದೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೆದುರು ತೆರೆಯುತ್ತೇವೆ."

ಮರುದಿನ ಬೆಳಿಗ್ಗೆ ಆರಕ್ಕೇ ಬೋಕಿ ಗುಂಡಿಯ ಕಡೆ ನಡೆದಳು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ಟೆಂಟುಗಳಲ್ಲಿ ಇನ್ನೂ ಗೊರಕೆ. ಈ ಸಲ ದಾರ ನೋಡಿಕೊಂಡು ಹುಷಾರಾಗಿ ದಾಟಿದಳು. ಬಗ್ಗಿ ನೋಡಿದರೆ ಗುಂಡಿಯೊಳಗೆ ಒಬ್ಬ ಗಂಡಸು! ಬೆನ್ನು ಮಾಡಿ ಕೂತು ಬೆರಳಿನಿಂದ ಮಣ್ಣು ಕೆರೆದು ಏನೋ ಎತ್ತುತ್ತಿದ್ದಾನೆ. ಕೈಯಲ್ಲಿ ಜಾಡಿ!

"ಕಳ್ಳ! ಕಳ್ಳ!"

ಅವನು ಬೆಚ್ಚಿ ತಿರುಗಿದ. ಕಿವಿಯ ಮೇಲೆ ಪೆನ್ಸಿಲ್.

"ನೀವಾ!" ಅವಳಿಗೆ ಉಸಿರೇ ಸಿಗಲಿಲ್ಲ. "ಫೋಟೋ ಇಲ್ಲ, ಅಳತೆ ಇಲ್ಲ, ಕೈಯಲ್ಲಿ ಕೆರೆದು ತೆಗೀತಿದೀರಾ? ನೀವು! ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ರೀ!"

"ಮೆತ್ತಗೆ ಮಾತಾಡಿ! ನನ್ನದೊಂದು ಚೀಟಿ ತಗೊಂಡು ಹೋಗ್ಬಿಡ್ತೀನಿ. ನಿಮಗೇ ಒಳ್ಳೇದು."

"ನನಗಾ? ಯಾಕೆ?"

"ಗೊತ್ತಿದ್ದೂ ಕೇಳ್ತೀರಲ್ಲ..." ಅವನ ಧ್ವನಿ ತಗ್ಗಿತು. "ಒಂಬತ್ತು ಗಂಟೆಗೆ ಅದನ್ನ ಎಲ್ಲರೆದುರು ಓದಿದ್ರೆ ನಿಮಗೆ ಮುಜುಗರ ಆಗಲ್ವಾ? ನೀವೇ ಓದಿ, ನೀವೇ ಹಾಕಿದ್ದಲ್ವಾ?"

"ಓದಿ? ನಾನು ಓದೇ ಇಲ್ಲ!"

ಜಾಡಿ ಅವನ ಕೈಯಿಂದ ಜಾರುವುದರಲ್ಲಿತ್ತು.

"ಓದ್ಬಾರ್ದು ಅನ್ನೋದು ನಿಯಮ ಅಲ್ವಾ? ಹತ್ತು ದಿನ ತಲೆ ತಿಂದು ಕಲಿಸಿದ್ದು ಯಾರು? ಪರೀಕ್ಷೆ ಮಾಡ್ತಿದೀರಿ ಅಂತ ಕಣ್ಣು ಮುಚ್ಕೊಂಡು ಹಾಕ್ದೆ!"

"ಕಣ್ಣು... ಮುಚ್ಕೊಂಡು..." ಅವನು ಮಣ್ಣಿನ ಮೇಲೆ ಹಾಗೇ ಕುಸಿದು ಕೂತ. "ಆರು ವರ್ಷ! ಅಯ್ಯೋ, ನನ್ನ ತಲೆ ಕಾಯ!"

"ಏನಿತ್ತು ಅದ್ರಲ್ಲಿ?"

ಅವನು ಕಿವಿಯವರೆಗೂ ಕೆಂಪಾದ. ಬೋಕಿಯ ಎದೆ ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಆದರೂ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಕೇಳಿಯೇ ಬಿಟ್ಟಳು.

"ಏನೇ ಇರ್ಲಿ... ನಿಮ್ಮ ಹೆಂಡ್ತಿಗೆ ಗೊತ್ತಾದ್ರೆ ಏನಂದ್ಕೋತಾರೆ?"

"ಯಾವ ಹೆಂಡ್ತಿ?!"

"ಉಂಗುರದ ಕೈ! ಚೂರಿನ ಪಕ್ಕ!"

"ಅದು ನಮ್ಮಕ್ಕನ ಕೈ ರೀ!" ಅವನು ಕೂಗಿಯೇ ಬಿಟ್ಟ. "ಅವಳ ಮನೆಗೆ ಹೋದಾಗ ಅಳತೆಪಟ್ಟಿ ಮರೆತು ಹೋಗಿದ್ದೆ. ಊರಿಗೆಲ್ಲ ಅಳತೆ ಎಲ್ಲಿ ಅನ್ನೋನು ನಾನೇ ಮರ್ತೆ ಅಂತ ಹೇಗೆ ಬರೀಲಿ? ನಾಚ್ಕೆ ಆಗಲ್ವಾ?"

ಬೋಕಿ ನಗಬೇಕೋ ಅಳಬೇಕೋ ತಿಳಿಯದೆ ಗುಂಡಿಯ ಅಂಚಿನಲ್ಲೇ ಕೂತಳು. ಆಮೇಲೆ ಎರಡನ್ನೂ ಒಟ್ಟಿಗೆ ಮಾಡಿದಳು.

"ಏನ್ ಗಲಾಟೆ ಅದು?"

ಕಳ್ಳ ಅಂದದ್ದು ಸುಮ್ಮನೆ ಹೋಗುತ್ತದಾ? ದೊಡ್ಡಮ್ಮ ಶಾಲು ಹೊದ್ದು ಬಂದರು. ಹಿಂದೆ ಹಲ್ಲು ಡಾಕ್ಟ್ರು, ಬಾಯಲ್ಲಿ ನೊರೆ, ಕೈಯಲ್ಲಿ ಬ್ರಷ್. ಅವರ ಹಿಂದೆ ಇಡೀ ಕಟ್ಟೆ. ಗುಂಡಿಯ ಸುತ್ತ ತಲೆಗಳೇ ತಲೆಗಳು.

ದೊಡ್ಡಮ್ಮ ಜಾಡಿ ನೋಡಿದರು, ಟೇಪುವಿನ ಮಣ್ಣಾದ ಬೆರಳು ನೋಡಿದರು, ಬೋಕಿಯ ಒದ್ದೆ ಕೆನ್ನೆ ನೋಡಿದರು. ನಲವತ್ತು ವರ್ಷ ಲೈಬ್ರರಿ ನಡೆಸಿದವರು. ಮುಖ ಓದುವುದು ಅವರಿಗೆ ಎಷ್ಟರ ಮಾತು!

"ಬೋಕಿ, ಗುಂಡಿ ತೆರೆದಾಯ್ತು, ಈಗ ಓದ್ಬಹುದು. ಅವನ ಚೀಟಿ ಮಾತ್ರ ನೀನೇ ಓದು. ಮಿಕ್ಕವರೆಲ್ಲ ಕಿವಿ ಮುಚ್ಕೊಳ್ಳಿ."

ಯಾರೂ ಮುಚ್ಚಿಕೊಳ್ಳಲಿಲ್ಲ.

ಬೋಕಿ ಗುಂಡಿಗಿಳಿದಳು. ಮುಚ್ಚಳ ತಿರುಗಿಸಿದಳು. ಅವಳೇ ಬಿಗಿದದ್ದು, ಬೇಗ ಬರಲಿಲ್ಲ. ಎಲ್ಲಕ್ಕಿಂತ ಮೇಲೆ ಒಂದೇ ಸಲ ಮಡಿಚಿದ ಅದೇ ಚೀಟಿ. ಅಂಚು ಹಳದಿಯಾಗಿತ್ತು. ಅಕ್ಷರ ಮಾತ್ರ ನಿನ್ನೆ ಬರೆದ ಹಾಗಿತ್ತು.

"ಅಗೆದವನು: ಟೇಪು. ಸಿಕ್ಕಿದ್ದು: ಮಡಕೆ ಚೂರು ನೂರ ಹನ್ನೆರಡು, ನೀಲಿ ಮಣಿ ಒಂದು, ಹತ್ತು ದಿನ ಜಗಳವಾಡಿದರೂ ಸಾಕೆನಿಸದ ಹುಡುಗಿ ಒಬ್ಬಳು..."

ಅಲ್ಲಿಯವರೆಗೆ ಗಟ್ಟಿಯಾಗಿ ಓದಿದವಳು ಚೀಟಿಯನ್ನು ಮುಖದ ಹತ್ತಿರಕ್ಕೆ ಎಳೆದುಕೊಂಡಳು. ಉಳಿದದ್ದನ್ನು ಮನಸ್ಸಿನಲ್ಲೇ ಓದಿದಳು.

'ಚೂರು, ಮಣಿ ಮ್ಯೂಸಿಯಮ್ಮಿಗೆ ಹೋಗುತ್ತವೆ. ಹುಡುಗಿ ನನ್ನ ಜೊತೆ ಬರಬಹುದೇ? ಒಪ್ಪಿಗೆಯಿದ್ದರೆ ಈ ಚೀಟಿಯನ್ನು ಜಾಡಿಗೆ ಹಾಕದೆ ಕೈಯಲ್ಲೇ ಇಟ್ಟುಕೊಳ್ಳಲಿ. ಇಲ್ಲದಿದ್ದರೆ ಹಾಕಿಬಿಡಲಿ. ಮತ್ತೆ ಎಂದೂ ಕೇಳಿ ಕಾಡುವುದಿಲ್ಲ.'

ಹಾಕಿಬಿಟ್ಟೆ! ಮೂಗು ಮೇಲೆತ್ತಿ, ನಗುನಗುತ್ತಾ ಹೇಳಿದ್ದಳಲ್ಲ! ಲಾರಿಯ ಪಕ್ಕ ಸಣ್ಣಗಾದ ಆ ಮುಖ ಕಣ್ಣೆದುರು ಬಂತು.

"ಸರಿ, ಚೀಟಿ ಇದಕ್ಕೆ ಹಾಕಮ್ಮ," ಎಂದು ದೊಡ್ಡಮ್ಮ ಸಿಕ್ಕಿದ ವಸ್ತುಗಳ ಟ್ರೇ ಮುಂದೆ ಚಾಚಿದರು.

ಬೋಕಿ ಚೀಟಿಯನ್ನು ಮಡಿಚಿದಳು. ಅಂಗೈಯಲ್ಲಿಟ್ಟು ಮುಷ್ಟಿ ಬಿಗಿದಳು.

"ಇಲ್ಲ ದೊಡ್ಡಮ್ಮ. ಇದನ್ನ ಹಾಕಲ್ಲ." ಅವನ ಕಣ್ಣನ್ನೇ ನೋಡುತ್ತಾ ಹೇಳಿದಳು. "ಇದು ನನ್ನ ಕೈಯಲ್ಲೇ ಇರುತ್ತೆ."

ಚೀಟಿಯ ಉಳಿದ ಸಾಲುಗಳಲ್ಲಿ ಏನಿದೆ ಎಂದು ಗೊತ್ತಿದ್ದದ್ದು ಇಬ್ಬರಿಗೇ. ಟೇಪು ಎರಡು ಹೆಜ್ಜೆ ಮುಂದೆ ಬಂದ, ನಿಂತ. ಅಳತೆಯಲ್ಲಿ ಒಂದು ಕೂದಲೆಳೆ ತಪ್ಪದವನ ಕಣ್ಣು ತುಂಬಿ ತುಳುಕಿತು.

"ಮತ್ತೆ ಹಡಗು?" ಅವಳು ಮೆಲ್ಲಗೆ ಕೇಳಿದಳು.

ಅವನು ಜೇಬಿನಿಂದ ಒಂದು ಕಾಗದ ತೆಗೆದ. "ಇನ್ನೂ ಸಹಿ ಹಾಕಿಲ್ಲ. ಆರು ತಿಂಗಳದ್ದೂ ಇದೆ, ಎರಡು ವರ್ಷದ್ದೂ ಇದೆ. ಇಲ್ಲಿ ಯಾರಿದ್ದಾರೆ ಅಂತ ಎರಡು ವರ್ಷದ್ದಕ್ಕೆ ಗುರುತು ಹಾಕಿದ್ದೆ."

ಅವಳು ಅವನ ಕಿವಿಯ ಮೇಲಿದ್ದ ಪೆನ್ಸಿಲನ್ನೇ ಎಳೆದುಕೊಂಡಳು. ಎರಡು ವರ್ಷದ ಮೇಲೆ ಒಂದು ಅಡ್ಡಗೆರೆ ಎಳೆದಳು. ಕಟ್ಟೆಯ ಪದ್ಧತಿ, ಅಳಿಸುವ ಹಾಗಿಲ್ಲವಲ್ಲ!

"ಆರು ತಿಂಗಳು. ಹೋಗಿ ಬನ್ನಿ. ಆದ್ರೆ ದಯವಿಟ್ಟು ಸಮುದ್ರದ ತಳದಲ್ಲಿ ಚೀಟಿ ಬಿಟ್ಟು ಬರ್ಬೇಡಿ. ಹೇಳೋದಿದ್ರೆ ಬಾಯ್ಬಿಟ್ಟು ಹೇಳಿ."

"ಬಾಯ್ಬಿಟ್ಟೇ ಹೇಳ್ತೀನಿ," ಎಂದ ಅವನು. "ಆರು ವರ್ಷದಿಂದ ನೀವಂದ್ರೆ ನನಗೆ ಜೀವ."

ಗುಂಡಿಯ ಸುತ್ತ ಚಪ್ಪಾಳೆಯೋ ಚಪ್ಪಾಳೆ! ಹಲ್ಲು ಡಾಕ್ಟ್ರು ಸಂಭ್ರಮದಲ್ಲಿ ನೊರೆ ನುಂಗಿಬಿಟ್ಟರು.

"ಎಲ್ಲಾ ಸರಿ," ದೊಡ್ಡಮ್ಮ ಕಣ್ಣೊರೆಸಿಕೊಂಡು ಕ್ಯಾಮೆರಾ ಎತ್ತಿದರು. "ಚೀಟಿ ಕೈಯಲ್ಲೇ ಇರ್ಲಿ. ಆದ್ರೆ ಕಟ್ಟೆಗೆ ಫೋಟೋ ಬೇಕು. ಅಳತೆ ಎಲ್ಲಿ?"

ಟೇಪು ಜೇಬು ತಡವಿದ. ಅಳತೆಪಟ್ಟಿ ಇರಲಿಲ್ಲ. ಬೆಳಿಗ್ಗೆ ಕಳ್ಳತನದ ಅವಸರದಲ್ಲಿ ಸೊಂಟದ ಟೇಪೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಮರೆತು ಬಂದಿದ್ದ! ಬೋಕಿ ನಗುತ್ತಾ ಮುಷ್ಟಿ ಬಿಚ್ಚಿದಳು. ಚೀಟಿ ಅಂಗೈಯಲ್ಲಿತ್ತು.

"ಇದೇ ಅಳತೆ. ಕೈ ಎಷ್ಟು ಉದ್ದ ಅಂತ ಕೆಳಗೆ ಬರ್ಕೊಂಡ್ರಾಯ್ತು."

ಅವನು ಸೊಂಟದ ಟೇಪು ಬಿಚ್ಚಿದ. ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ನಿಧಾನವಾಗಿ ಅಳೆದ. ಫೋಟೋ ಕ್ಲಿಕ್ಕೆಂದಿತು.

"ಹದಿನೇಳು ಸೆಂಟಿಮೀಟರ್."

"ಆಯ್ತಲ್ಲ, ಕೈ ಬಿಡಿ. ಎಲ್ರೂ ನೋಡ್ತಿದಾರೆ."

"ಒಂದೇ ಸಲದ ಅಳತೆ ನಂಬೋ ಹಾಗಿಲ್ಲ. ನಿಯಮ."

ಅವಳು ಕೈ ಎಳೆದುಕೊಳ್ಳಲಿಲ್ಲ.

"ಹಾಗಾದ್ರೆ... ಇನ್ನೊಂದ್ಸಲ ಅಳತೆ ತಗೊಳ್ಳಿ."